ಮೂರನೆಯ ಮೆಟ್ಟಿಲಿನ ಹಾಳೆ

ಆ ಊರಿನಲ್ಲಿ ಮಾಡಿದ್ದು ಯಾವುದೂ ಅಳಿಯುತ್ತಿರಲಿಲ್ಲ.

ಕುಂಬಾರ ಮಡಕೆ ಮಾಡಿದರೆ ಮಡಕೆಯನ್ನು, ಬಡಗಿ ತೊಟ್ಟಿಲು ಮಾಡಿದರೆ ತೊಟ್ಟಿಲನ್ನು, ಹೆಂಗಸರು ಕೌದಿ ಹೊಲಿದರೆ ಕೌದಿಯನ್ನು, ಹೊತ್ತು ಇಳಿಯುವ ಮುಂಚೆ ಊರ ನಡುವಿನ ಪದರಮನೆಗೆ ಒಯ್ದು ತೋರಿಸಬೇಕು. ಗೋಡೆ ಕಟ್ಟಿದವರು ಆ ಗೋಡೆಯ ಒಂದು ಹಿಡಿ ಮಣ್ಣು ಒಯ್ಯುತ್ತಿದ್ದರು. ಹಾಡು ಕಟ್ಟಿದವರು ಬರಿಗೈಯಲ್ಲಿ ಹೋಗಿ ಹಾಡುತ್ತಿದ್ದರು. ಪಡುವಣ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಿಂಡಿ. ಅದರ ಮುಂದೆ ನಿಂತರೆ ಒಳಗಿನಿಂದ ಮನೆಯೇ ಕೇಳುತ್ತಿತ್ತು: "ಏನು ಬದಲಾಯಿತು?" ನಿಂತವರು ಉತ್ತರ ಹೇಳಬೇಕು. ಹೇಳಿದ ಮೇಲೆ ವಸ್ತು ಅವರ ಕೈಯಲ್ಲೇ ಉಳಿಯುತ್ತಿತ್ತು; ಆ ದಿನ ಅದು ಹೇಗಿತ್ತೋ ಹಾಗೆ ಅದರ ಒಂದು ಪದರ ಮಾತ್ರ ಒಳಗೆ ಹೋಗಿ ಕೂರುತ್ತಿತ್ತು. ನಾಳೆ ಮಡಕೆ ಒಡೆಯಲಿ, ತೊಟ್ಟಿಲು ಸುಡಲಿ, ಕೌದಿ ಹರಿಯಲಿ, ಒಳಗಿನ ಪದರಕ್ಕೆ ಏನೂ ಆಗದು. ಬೇಕಾದವರು ಮೂಡಣ ಬಾಗಿಲಿನಿಂದ ಒಳಗೆ ಹೋಗಿ ಬೇಕಾದ ದಿನವನ್ನು ಕೇಳಿ ತರಬಹುದು. ಇದು ಆ ಊರಿನ ಕಟ್ಟಳೆ.

ಆದರೆ ಮೂಡಣ ಬಾಗಿಲಿನಿಂದ ಊರವರು ಯಾರೂ ಒಳಗೆ ಹೋಗುತ್ತಿರಲಿಲ್ಲ.

ಆ ಬಾಗಿಲಿಗೆ ಒಂಬತ್ತು ಮೆಟ್ಟಿಲು. ಮೇಲೆ ಜಗಲಿ, ಜಗಲಿಯಲ್ಲಿ ಕಲ್ಲಿನ ಪೀಠ, ಪೀಠದ ಮೇಲೆ ವಿಧಿಪುಸ್ತಕ. ಒಳಗೆ ಹೇಗೆ ಹೋಗಬೇಕು, ಹೇಗೆ ಕೇಳಬೇಕು, ಹೇಗೆ ಹೊರಬರಬೇಕು ಎಂಬುದೆಲ್ಲ ಅದರಲ್ಲಿತ್ತು. ಅದರ ಮೊದಲ ಮೂರು ವಾಕ್ಯಗಳನ್ನು ಮೊದಲ ಮೂರು ಮೆಟ್ಟಿಲುಗಳ ಮೇಲೆ ಕೆತ್ತಿದ್ದರು. ಒಂದನೆಯ ಮೆಟ್ಟಿಲಿನಲ್ಲಿ: "ಅರಿಯದೆ ಕೈಯಿಟ್ಟವನು ತನ್ನದನ್ನೂ ಪರರದನ್ನೂ ಕೆಡಿಸುವನು." ಎರಡನೆಯದರಲ್ಲಿ: "ಎರಡು ಕೈಗಳು ಒಂದೆಡೆ ಬಿದ್ದಲ್ಲಿ ಘರ್ಷಣೆ, ಅದು ತೀರುವನಕ ಹೊರದಾರಿಯಿಲ್ಲ." ಮೂರನೆಯದರಲ್ಲಿ: "ಹಿಂದಣ ಪದರದಲ್ಲಿ ನಿಂತವನ ಶಿರವು ಕಳಚುವುದು."

ಮೂರನೆಯ ಮೆಟ್ಟಿಲು ದಾಟಿ ಒಳಗೆ ಹೋದವರನ್ನು ಕಂಡಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಉಳಿದವರಿಗೆ ಗೊತ್ತಿದ್ದದ್ದು ಹೆದರಿಕೆಯೊಂದೇ.

ಹಾಗಾಗಿ ಜನ ತಮಗೆ ತೋಚಿದ್ದನ್ನು ಮಾಡಿಕೊಂಡಿದ್ದರು. ಒಂದು ಮಡಕೆ ಬೇಕಿದ್ದವರು ಅಂಥದೇ ನಾಲ್ಕು ಮಾಡಿಸಿಡುತ್ತಿದ್ದರು. ಸುಣ್ಣದ ಕಡ್ಡಿಯಲ್ಲಿ ಒಂದರ ಮೇಲೆ "ಕಡೆಯದು" ಎಂದು ಬರೆದಿರುತ್ತಿತ್ತು, ಇನ್ನೊಂದರ ಮೇಲೆ "ಇದೇ ಕಡೆಯದು", ಮತ್ತೊಂದರ ಮೇಲೆ "ನಿಜವಾಗಿ ಕಡೆಯದು, ಮುಟ್ಟಬೇಡಿ". ಒಂದೊಂದು ಮನೆಯಲ್ಲಿ ಏಳೇಳು ಹೊರಸು, ಹನ್ನೊಂದು ಬೀಸುಕಲ್ಲು. ನಡೆಯಲು ಜಾಗವಿಲ್ಲದೆ ಜನ ಅಂಗಳದಲ್ಲಿ ಅಡುಗೆ ಮಾಡಿ ಅಂಗಳದಲ್ಲೇ ಉಣ್ಣುತ್ತಿದ್ದರು. ಒಳಗೆ ಕತ್ತಲಲ್ಲಿ ಜೋಡಿಗಳು, ಜೋಡಿಗಳ ಜೋಡಿಗಳು, ಯಾವುದು ಮೊದಲಿನದು ಎಂದು ಯಾರಿಗೂ ತಿಳಿಯದಂತೆ ನಿಂತಿರುತ್ತಿದ್ದವು.

ಪದರಮನೆಯ ಗೋಡೆಯ ಪಕ್ಕದಲ್ಲಿ ಹಾದು ಹೋಗುವವರು ಸೆರಗನ್ನೋ ಪಂಚೆಯನ್ನೋ ಬಿಗಿಹಿಡಿದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಗೋಡೆಯೊಳಗಿಂದ ದನಿಗಳು ಕೇಳುತ್ತಿದ್ದವು. ಅವು ಕಿಂಡಿಯ ಮುಂದೆ ಹಿಂದೆಂದೋ ಹೇಳಿದ ಉತ್ತರಗಳು. "ಸ್ವಲ್ಪ ಸರಿಮಾಡಿದೆ." "ಮತ್ತೆ ಸರಿಮಾಡಿದೆ." "ಏನೋ ಬದಲಾಯಿಸಿದೆ." "ಇನ್ನೊಂದು ಸಲ." ಸತ್ತವರ ದನಿಗಳೂ ಇದ್ದವು. "ಇವತ್ತಿಗೆ ಇಷ್ಟು." "ಇವತ್ತಿಗೆ ಇಷ್ಟು."

*

ಆ ಊರಿನಲ್ಲಿ ಒಬ್ಬಳು ಪ್ರತಿಗಾರ್ತಿ ಇದ್ದಳು. ವಿಧಿಪುಸ್ತಕದ ಹಾಳೆಗಳು ಗಾಳಿಗೆ ಒಣಗಿ ಪುಡಿಯಾಗುತ್ತಿದ್ದವು. ಪುಡಿಯಾಗುವ ಮುಂಚೆ ಪ್ರತಿಯೊಂದನ್ನೂ ಹೊಸ ಹಾಳೆಗೆ ಇಳಿಸುವುದು ಅವಳ ಕೆಲಸ. ಕೊನೆಯ ಹಾಳೆ ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಒಣಗಿರುತ್ತಿತ್ತು. ಒಂದಕ್ಷರ ಬದಲಾದರೂ ಅವಳನ್ನು ಊರು ಬಿಡಿಸುವುದೆಂದು ನೇಮವಿತ್ತು. ಹನ್ನೊಂದು ವರ್ಷದಲ್ಲಿ ಅವಳು ಒಂದಕ್ಷರವನ್ನೂ ಬದಲಿಸಿರಲಿಲ್ಲ. ಬರೆದದ್ದರ ಅರ್ಥವೇನೆಂದು ಕೇಳಿಯೂ ಇರಲಿಲ್ಲ. ಅವಳಿಗೆ ಜಗಲಿಯವರೆಗೆ ಮಾತ್ರ ಅಪ್ಪಣೆ. ಬೆಳಗ್ಗೆ ಮೆಟ್ಟಿಲು ಹತ್ತುವಾಗ ಮೂರನೆಯದರಲ್ಲಿ ಕಣ್ಣು ಮುಚ್ಚಿ, ನಾಲ್ಕನೆಯದರಲ್ಲಿ ತೆರೆಯುತ್ತಿದ್ದಳು. "ಶಿರವು ಕಳಚುವುದು" ಎಂದು ಬರೆಯುವಾಗಲೆಲ್ಲ ಎಡಗೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು.

ದಿನವೂ ಮಧ್ಯಾಹ್ನ, ನೆರಳು ಗೋಡೆಯ ಬುಡಕ್ಕೆ ಸರಿದ ಹೊತ್ತಿಗೆ, ಒಬ್ಬ ಹೆಂಗಸು ಬರುತ್ತಿದ್ದಳು. ಅವಳು ಕೌದಿಯವಳು. ಹಳೆಯ ಸೀರೆ, ಹಳೆಯ ಧೋತರ, ತುಂಡು ತುಂಡು ಅರಿವೆ ಸೇರಿಸಿ ಹೊದಿಕೆ ಹೊಲಿಯುವುದು ಅವಳ ಕಸುಬು. ಒಂದನೆಯ ಮೆಟ್ಟಿಲು ಹತ್ತುವಳು. ಎರಡನೆಯದು ಹತ್ತುವಳು. ಮೂರನೆಯದರ ಮೇಲೆ ನಿಂತು, ತುಟಿ ಅಲುಗಿಸುತ್ತ ಓದಿ, ತಿರುಗಿ ಇಳಿದು ಹೋಗುವಳು. ನಾಲ್ಕು ವರ್ಷ ಹೀಗೇ ನಡೆಯಿತು. ಪ್ರತಿಗಾರ್ತಿ ನೋಡಿಯೂ ನೋಡದ ಹಾಗೆ ಬರೆಯುತ್ತಿದ್ದಳು.

ಒಂದು ದಿನ ಅವಳು ಲೇಖನಿ ಕೆಳಗಿಟ್ಟಳು.

"ಅಕ್ಕಾ, ದಿನಾ ಬರ್ತೀರಿ, ದಿನಾ ತಿರುಗಿ ಹೊಕ್ಕೀರಿ. ಯಾವ ದಿನ ಬೇಕಾಗೇತಿ ನಿಮಗ?"

ಕೌದಿಯವಳು ಬೆಚ್ಚಿದಳು. ಆ ಮೆಟ್ಟಿಲುಗಳ ಮೇಲೆ ಅವಳನ್ನು ಯಾರೂ ಮಾತಾಡಿಸಿರಲಿಲ್ಲ.

"ನಾಕು ವರ್ಷದ ಹಿಂದಿಂದು, ತಂಗಿ. ನನ್ನ ಮಗಳು ಜ್ವರದಾಗ ಹೋತು. ಅಕಿ ಲಂಗ ಒಂದು ಉಳದಿತ್ತು. ಅದರ ಅಂಚು ಕತ್ತರಿಸಿ ನಮ್ಮನಿ ಕೌದಿ ನಡುವ ಹೊಲದಿದ್ದೆ. ಎರಡು ತಿಂಗಳು ಇತ್ತು. ಒಂದಿನ ನೋಡ್ತೀನಿ, ಅಲ್ಲೊಂದು ಹಸರು ತುಂಡು ಕುಂತೈತಿ. ನನ್ನ ನಾದಿನಿ ಬಿಚ್ಚಿ ಬ್ಯಾರೆ ಹಾಕಿದ್ಲು. ಹರದಿತ್ತು, ಒಲಿಗೆ ಹಾಕಿದೆ ಅಂದ್ಲು."

"ನೀವೇನಂದ್ರಿ?"

"ಏನಂತ ಅನ್ಲಿ? ಹೂಂ ಅಂದೆ. ಅವತ್ತಿನಿಂದ ಅದs ಕೌದಿ, ಅಕಿ ಒಂದು ಬದಿ ಹೊಲಿತಾಳ, ನಾ ಒಂದು ಬದಿ. ನಡುವ ಮಾತಿಲ್ಲ." ಅವಳು ದನಿ ತಗ್ಗಿಸಿ ಕೇಳಿದಳು. "ದಿನಾ ಬರಿತಿ ನೀನು. ನಿನಗರ ಗೊತ್ತಿರಬೇಕು. ತಲಿ ಖರೇನ ಕಳಚತೈತೇನು?"

ಪ್ರತಿಗಾರ್ತಿ ಬಾಯಿ ತೆರೆದಳು. ಸಾವಿರ ಸಲ ಬರೆದ ಮಾತು. ಅದರ ಒಂದೊಂದು ಕೊಂಬೂ ಒಂದೊಂದು ಸೊನ್ನೆಯೂ ಅವಳ ಬೆರಳಿಗೆ ಗೊತ್ತಿತ್ತು.

"ನನಗ ಗೊತ್ತಿಲ್ಲಕ್ಕಾ," ಎಂದಳು. ಹೇಳಿ ನಾಚಿದಳು.

*

ಪದರಮನೆಗೆ ಒಬ್ಬ ಕಾವಲಜ್ಜ ಇದ್ದ. ಬಾಗಿಲ ಒಳಗೊಂದು ಮಣೆ, ಮಣೆಯ ಮೇಲೆ ಅವನು. ವಿಧಿಪುಸ್ತಕ ಅವನಿಗೆ ಬಾಯಿಪಾಠ. ಅದನ್ನು ಬರೆದವರು ಅವನ ಗುರುಗಳು, ಮೊದಲ ಕಾವಲಿನವರು. ಯಾರಾದರೂ ಬಂದು ಕೇಳಿಯಾರು ಎಂದು ಅವನು ಮೂವತ್ತು ವರ್ಷದಿಂದ ಬಾಗಿಲ ಕಡೆಗೆ ಮುಖ ಮಾಡಿ ಕುಳಿತಿದ್ದ.

ಪ್ರತಿಗಾರ್ತಿ ಹೊಸ್ತಿಲ ಹೊರಗೆ ನಿಂತು ಕೇಳಿದಳು. "ಅಜ್ಜಾ, ತಲಿ ಕಳಚೂದು ಅಂದ್ರೇನು?"

"ಎಲ್ಲಾ ಪುಸ್ತಕದಾಗs ಐತಲ್ಲ, ಯವ್ವಾ. ಇಪ್ಪತ್ತೆರಡನೇ ಹಾಳಿ. 'ಶಿರವೆಂಬುದು ಮನೆಯ ನೋಟವು ನೆಟ್ಟಿರುವ ಪದರದ ಚಿಹ್ನೆ. ಶಿರವು ಕವಲಿನಿಂದ ಕಳಚಿದಲ್ಲಿ ಗೈದುದು ನಿರಾಧಾರ. ಕವಲೆಂಬುದಕ್ಕೆ ನಲವತ್ತನೆಯ ಹಾಳೆಯನ್ನು ನೋಡತಕ್ಕದ್ದು.'"

"ನಲವತ್ತನೇದು ನಾನs ಬರದೀನಿ. ಅದರಾಗ 'ಶಿರವೆಂಬುದಕ್ಕೆ ಇಪ್ಪತ್ತೆರಡನೆಯ ಹಾಳೆಯನ್ನು ನೋಡತಕ್ಕದ್ದು' ಅಂತ ಐತ್ರಿ."

"ಹೌದು. ಸರಿಯಾಗೇತಿ," ಎಂದ ಕಾವಲಜ್ಜ. ಅವನ ಕಣ್ಣಲ್ಲಿ ಕುಹಕವಿರಲಿಲ್ಲ. ಅವನಿಗೆ ಅದು ಹಾಲು ಬೆಳ್ಳಗಿದೆ ಎಂಬಷ್ಟು ಸ್ಪಷ್ಟವಾಗಿತ್ತು.

"ಅಜ್ಜಾ, ಓದಿದ್ರ ತಿಳಿಯವಲ್ದು. ನಾ ಒಳಗ ಬಂದು ನೋಡ್ಲೇನು?"

ಮುದುಕ ಮಣೆಯಿಂದ ಎದ್ದು ಪಕ್ಕಕ್ಕೆ ಸರಿದು ನಿಂತ.

ಅವಳು ಹೊಸ್ತಿಲು ದಾಟಿದಳು.

ಒಳಗೆ ಗೋಡೆಗಳಿರಲಿಲ್ಲ, ದಿನಗಳಿದ್ದವು. ಒಣಹಾಕಿದ ತೆಳುವಾದ ಸೀರೆಗಳ ಹಾಗೆ ಒಂದರ ಹಿಂದೆ ಒಂದು ದಿನ, ಕಣ್ಣು ಹೋದಷ್ಟು ದೂರ, ಗಾಳಿಯಿಲ್ಲದೆ ಅಲುಗುತ್ತಿದ್ದವು. ಒಂದೊಂದರಿಂದ ಒಂದೊಂದು ದನಿ. "ಸರಿಮಾಡಿದೆ." "ಸ್ವಲ್ಪ ಬದಲಾಯಿಸಿದೆ." "ಇವತ್ತಿಗೆ ಇಷ್ಟು." ಎಷ್ಟೋ ವರ್ಷಗಳ ಜನ ತಮ್ಮ ತಮ್ಮ ವಸ್ತುಗಳನ್ನು ಎದೆಗವಚಿಕೊಂಡು ಕತ್ತಲಲ್ಲಿ ಸಾಲಾಗಿ ನಿಂತು, ಯಾರಾದರೂ ಬಂದು ಕೇಳಲೆಂದು ಕಾಯುತ್ತಿರುವ ಹಾಗಿತ್ತು. ಯಾರೂ ಬಂದಿರಲಿಲ್ಲ.

ಅವಳು ತನ್ನದೇ ಒಂದು ದಿನವನ್ನು ಕೇಳಿದಳು, ತಾನು ಮೊದಲ ಹಾಳೆ ಬರೆದ ದಿನವನ್ನು. ಪದರವೊಂದು ಮೆಲ್ಲಗೆ ಅವಳ ಸುತ್ತ ಬಂದು ನಿಂತಿತು. ಅವಳ ಕೈಯಲ್ಲಿ ಆ ಹಾಳೆ ಇತ್ತು. ಶಾಯಿ ಇನ್ನೂ ಹಸಿಯಾಗಿತ್ತು. ಅಕ್ಷರಗಳು ಎಳೆಯ ಹುಡುಗಿಯ ಅಕ್ಷರಗಳು, ಬಲಕ್ಕೆ ವಾಲಿದ್ದವು.

ಅವಳು ಕುತ್ತಿಗೆ ಮುಟ್ಟಿ ನೋಡಿಕೊಂಡಳು. ತಲೆ ಇತ್ತು.

ಕಿವಿ ಮುಟ್ಟಿದಳು, ಮೂಗು ಮುಟ್ಟಿದಳು, ಜಡೆ ಮುಟ್ಟಿದಳು. ಎಲ್ಲ ಇತ್ತು. "ಇವತ್ತಿಗೆ ಕರಕೊಂಡ್ಹೋಗು," ಎಂದಳು ಮನೆಗೆ. ಮನೆ ಅವಳನ್ನು ಇವತ್ತಿಗೆ ತಂದು ಬಿಟ್ಟಿತು. ಅಷ್ಟೇ. ಹೊಸ್ತಿಲ ಮೇಲೆ ಕುಸಿದು ಕುಳಿತು ಅವಳು ನಕ್ಕಳು, ನಗುತ್ತ ನಗುತ್ತ ಅವಳಿಗೆ ಅಳು ಬಂತು. ನಾಲ್ಕು ವರ್ಷ ಒಬ್ಬ ತಾಯಿ ಮೂರನೆಯ ಮೆಟ್ಟಿಲಿನಿಂದ ತಿರುಗಿ ಹೋಗಿದ್ದಳು. ಆ ಮಾತನ್ನು ಮತ್ತೆ ಮತ್ತೆ ಹೊಸ ಶಾಯಿಯಲ್ಲಿ ಕಪ್ಪಾಗಿ ಕಾಣುವಂತೆ ಬರೆದಿಟ್ಟವಳು ತಾನೇ.

*

ಮರುದಿನ ಅವಳು ಪುಸ್ತಕವನ್ನು ಮುಟ್ಟಲಿಲ್ಲ. ಬೇರೆಯೇ ಒಂದು ಹಾಳೆ ತೆಗೆದುಕೊಂಡು ಮೊದಲ ಬಾರಿಗೆ ತನ್ನ ಮಾತಿನಲ್ಲಿ ಬರೆದಳು. ಮಧ್ಯಾಹ್ನ ಕೌದಿಯವಳು ಬಂದಾಗ ಮೂರನೆಯ ಮೆಟ್ಟಿಲಿನ ಮೇಲೆ ಅವಳ ಪಕ್ಕದಲ್ಲಿ ಕುಳಿತು ಓದಿ ಹೇಳಿದಳು. ಹಾಳೆಯ ಮೊದಲ ಮಾತು: "ಹೆದರಬೇಡಿ."

ಕೌದಿಯವಳು ಎದ್ದು ನಿಂತುಬಿಟ್ಟಳು. "ಹೆದರಬ್ಯಾಡ ಅಂತ ಮೊದಲs ಹೇಳಬೇಕಾದ್ರ, ಹೆದರೂವಂಥಾದ್ದು ಏನೋ ಐತಿ ಅಂದಂಗಾತು."

ಪ್ರತಿಗಾರ್ತಿ ಆ ಮಾತನ್ನು ಹೊಡೆದುಹಾಕಿದಳು.

ಎರಡನೆಯ ದಿನದ ಹಾಳೆಯಲ್ಲಿ ಇತ್ತು: "ಇದು ಬಹಳ ಸುಲಭ. ದಿನವನ್ನು ಕೇಳಿದರೆ ಸಾಕು."

"ಸುಲಭ ಅಂತ ಬರದೀಯಲ್ಲ, ನನಗ ಬರಲಿಲ್ಲಂದ್ರ ನಾ ದಡ್ಡಿ ಅಂದಂಗs ಅಲ್ಲೇನು? ಸುಲಭದ್ದು ಬರಲಾರದಾಕಿ ಅಂತ ನನ್ನ ಮನಸಿಗೆ ನಾನs ಅಂದುಕೊಳ್ಳೂದಕ್ಕಿಂತ ಮನಿಗೆ ಹೋಗೂದು ಚಲೋ."

ಅದನ್ನೂ ಹೊಡೆದಳು. ಹೀಗೆ ಎಂಟು ದಿನ ನಡೆಯಿತು. ಕೌದಿಯವಳು ಎಲ್ಲಿ ಉಸಿರು ಹಿಡಿಯುತ್ತಾಳೋ ಅಲ್ಲೊಂದು ಗೆರೆ. ಎಲ್ಲಿ ಅವಳ ಬೆರಳು ಸೆರಗನ್ನು ಹಿಂಡುತ್ತದೋ ಅಲ್ಲೊಂದು ಗೆರೆ. ಎಲ್ಲಿ "ಆಮ್ಯಾಲ?" ಎಂದು ಕೇಳುತ್ತಾಳೋ ಆ ಮಾತು ಉಳಿಯಿತು. ಪ್ರತಿಗಾರ್ತಿಗೆ ಬೆರಳು ನೋಯುತ್ತಿದ್ದವು. ಹನ್ನೊಂದು ವರ್ಷ ಬರೆದಾಗ ನೋಯದ ಬೆರಳು ಎಂಟು ದಿನಕ್ಕೆ ನೋಯುತ್ತಿದ್ದವು.

ಒಂಬತ್ತನೆಯ ದಿನದ ಹಾಳೆಯಲ್ಲಿ ಇಷ್ಟೇ ಇತ್ತು:

"ನಿಮ್ಮ ವಸ್ತುವಿನ ಹಳೆಯ ದಿನವೊಂದು ಬೇಕಾಗಿದೆಯೆ? ಒಳಗೆ ಬನ್ನಿ. ಯಾವ ವಸ್ತು, ಯಾವ ದಿನ ಎಂದು ಹೇಳಿ. ದಿನ ಮರೆತಿದ್ದರೆ ಅವತ್ತು ಕಿಂಡಿಯಲ್ಲಿ ಏನು ಹೇಳಿದ್ದಿರೋ ಅದನ್ನು ಹೇಳಿ. ಆ ದಿನ ನಿಮ್ಮ ಸುತ್ತ ಬಂದು ನಿಲ್ಲುತ್ತದೆ. ನೋಡಿ. ನೋಡುವುದರಿಂದ ಏನೂ ಕೆಡುವುದಿಲ್ಲ. ಸಾಕೆನಿಸಿದಾಗ 'ಇವತ್ತಿಗೆ' ಎನ್ನಿ. ಇವತ್ತಿಗೆ ಬರುತ್ತೀರಿ. ಅಲ್ಲಿ ನೀವು ಏನು ಮಾಡಿದರೂ ಅದು ಎಂದೂ ಕಳೆದುಹೋಗದು."

ಕೌದಿಯವಳು ಕೇಳಿ ಮುಗಿಸಿದಳು. ಅವಳ ಕೈ ಮಡಿಲಲ್ಲಿ ಸುಮ್ಮನಿತ್ತು. "ನೋಡೂದರಿಂದ ಏನೂ ಕೆಡೂದಿಲ್ಲ," ಎಂದು ತಾನೊಮ್ಮೆ ಹೇಳಿಕೊಂಡಳು. "ನಾಳೆ ಬರ್ತೀನಿ, ತಂಗಿ. ಒಳಗ ಹೊಕ್ಕೀನಿ."

ಅವಳು ಹೋದ ಮೇಲೆ ಪ್ರತಿಗಾರ್ತಿ ಹಾಳೆಯನ್ನು ಮೂರನೆಯ ಮೆಟ್ಟಿಲಿನ ಕೆತ್ತನೆಯ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟಳು. ತಲೆಯೆತ್ತಿದಾಗ ಕಾವಲಜ್ಜ ಜಗಲಿಯ ಮೇಲೆ ನಿಂತಿದ್ದ.

*

ಅವನು ಇಳಿದು ಬಂದ. ಅವನು ಆ ಮೆಟ್ಟಿಲುಗಳನ್ನು ಇಳಿದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಹಾಳೆ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಮತ್ತೊಮ್ಮೆ ಓದಿದ. ಅವನ ಗಡ್ಡ ಅಲುಗುತ್ತಿತ್ತು.

"ನನ್ನ ಗುರುಗಳು ನಲವತ್ತು ವರ್ಷ ಬರದ್ರು," ಎಂದ. "ಅದರಾಗ ಒಂದು ಮಾತು ಸುಳ್ಳಿಲ್ಲ."

"ಇಲ್ರಿ ಅಜ್ಜಾ. ಒಂದೂ ಸುಳ್ಳಿಲ್ಲ. ಆದ್ರ ಓದಿದವರು ಒಬ್ಬರೂ ಒಳಗ ಬಂದಿಲ್ಲ."

"ನಿನ್ನದರಾಗ ಸುಳ್ಳೈತಿ." ಅವನು ಕೊನೆಯ ಸಾಲಿನ ಮೇಲೆ ಉಗುರಿಟ್ಟ. "ಏನು ಮಾಡಿದರೂ ಕಳೆದುಹೋಗದು ಅಂತ ಬರದಿ. ಕಳದು ಹೊಕ್ಕೈತಿ. ಹಳೇ ದಿನದಾಗ ನಿಂತು ಬರೀ ನೋಡಿದ್ರ ಏನೂ ಆಗೂದಿಲ್ಲ. ಅಲ್ಲಿ ಕುಂತು ಹೊಸದು ಏನರ ಮಾಡಿದ್ರ, ಹೊರಗ ಬರೂ ಮುಂಚೆ ಅದಕ್ಕೊಂದು ಹೆಸರಿಡಬೇಕು. ಹೆಸರಿಡದs ಬಂದ್ರ ಅದನ್ನ ಹಿಡಿಯಾಕ ಮನಿಗೆ ಏನೂ ಇರೂದಿಲ್ಲ; ಶಿರ ಕಳಚೂದು ಅಂದ್ರ ಇದs. ಮೂವತ್ತು ದಿನ ದಾರಿ ನೋಡತೈತಿ. ಆಮ್ಯಾಲ ಗುಡಿಸಿ ಹಾಕತೈತಿ."

ನಾಳೆ ಕೌದಿಯವಳು ಸೂಜಿ ಹಿಡಿದು ಒಳಗೆ ಹೋಗುತ್ತಿದ್ದಳು.

"ನಿಮಗ ಹೆಂಗ ಗೊತ್ತು ಅಜ್ಜಾ?"

ಮುದುಕ ಮೂರನೆಯ ಮೆಟ್ಟಿಲಿನ ಮೇಲೆ ಕುಳಿತ. ಕುಳಿತ ಮೇಲೆ ಅವನು ಚಿಕ್ಕವನಾಗಿ ಕಂಡ.

"ಗುರುಗಳ ಹೆಂಡತಿ ತೀರಿಕೊಂಡಿದ್ರು. ಅವರು ಒಂದು ಕಲ್ಲಿನ ಹಳೇ ದಿನದೊಳಗ ಹೋಗಿ ಕುಂತು, ಇಡೀ ಬ್ಯಾಸಗಿ ಆ ಕಲ್ಲಿನಾಗ ಹೆಂಡತಿ ಮುಖ ಕಡದ್ರು. ಮುಗದ ಖುಷಿಯೊಳಗ ಹಂಗs ಹೊರಗ ಬಂದ್ರು. ಹೆಸರಿಡೂದು ಅವರಿಗೂ ಆಗ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಮೂವತ್ತೊಂದನೇ ದಿನ ಒಳಗ ಹೋದ್ರು. ಬರೀ ಕಲ್ಲಿತ್ತು. ಎರಡು ಸಲ ಹೋದಂಗಾತು ಆ ತಾಯಿ. ಅವತ್ತು ಸಂಜಿ ಕುಂತು ಬರದ ಮಾತು ಇದು, ಶಿರವು ಕಳಚುವುದು ಅಂತ." ಅವನು ಅಂಗೈಯಿಂದ ಕೆತ್ತನೆಯನ್ನು ಒರೆಸಿದ. "ಅವರದು ಕಳಚಿತ್ತು, ಯವ್ವಾ. ಬ್ಯಾರೆಯವರದು ಕಳಚಬಾರದು ಅಂತ ಬರದ್ರು."

ಅವಳು ಅವನ ಪಕ್ಕದಲ್ಲಿ ಕುಳಿತಳು. ಹನ್ನೊಂದು ವರ್ಷ ತಾನು ನಕಲು ಮಾಡಿದ್ದು ಬೆದರಿಕೆಯಲ್ಲ, ಒಬ್ಬ ಮನುಷ್ಯನ ಅಳು ಎಂದು ಅವಳಿಗೆ ಆಗ ತಿಳಿಯಿತು. ಗೋಡೆಯೊಳಗೆ ದನಿಗಳು ಪಿಸುಗುಟ್ಟುತ್ತಲೇ ಇದ್ದವು.

"ನನ್ನನ್ನ ಊರು ಬಿಡಸ್ತೀರೇನು ಅಜ್ಜಾ?"

"ಪುಸ್ತಕದಾಗ ಎಷ್ಟಕ್ಷರ ಇದ್ದುವೋ ಅಷ್ಟs ಅದಾವ," ಎಂದ ಕಾವಲಜ್ಜ. "ಲೇಖನಿ ತಾ. ಆ ಕಡೀ ಸಾಲು ಹೊಡಿ."

ಅವನು ಹೇಳಿದ, ಅವಳು ಬರೆದಳು. ಅವನ ವಾಕ್ಯ ಉದ್ದವಾಯಿತು, ಅವಳು ಕತ್ತರಿಸಿದಳು. ಅವಳು ಬಿಟ್ಟದ್ದನ್ನು ಅವನು ಮತ್ತೆ ಸೇರಿಸಿದ. ಬಿಸಿಲು ಹೊರಳುವ ಹೊತ್ತಿಗೆ ಎರಡು ಸಾಲಾಯಿತು: "ಹಳೆಯ ದಿನದಲ್ಲಿ ಏನಾದರೂ ಮಾಡಿದರೆ, ಅದನ್ನು ಅಲ್ಲಿಂದ ತರುವುದಾದರೂ ಸರಿ, ಹೊರಡುವ ಮುಂಚೆ ಅದಕ್ಕೊಂದು ಹೆಸರು ಹೇಳಿ. ಹೆಸರಿದ್ದದ್ದು ಉಳಿಯುತ್ತದೆ."

*

ಕೌದಿಯವಳು ಮರುದಿನ ಬಂದಳು. ಹೆಗಲ ಮೇಲೆ ಮಡಿಸಿದ ಕೌದಿ. ಮೂರನೆಯ ಮೆಟ್ಟಿಲಿನ ಹಾಳೆಯನ್ನು ಮತ್ತೆ ಕೇಳಿದಳು. ಹೊಸ ಸಾಲು ಬಂದಾಗ ಅವಳ ಮುಖ ಬದಲಾಯಿತು, ಆದರೆ ಕಾಲು ಹಿಂದೆ ಬರಲಿಲ್ಲ. ನಾಲ್ಕನೆಯ ಮೆಟ್ಟಿಲು ಹತ್ತಿದಳು. ಐದನೆಯದು ಹತ್ತಿದಳು. ಕಾವಲಜ್ಜ ಮಣೆಯಿಂದ ಎದ್ದು ನಿಂತ.

ಯಾವ ದಿನವೆಂದು ಅವಳಿಗೆ ನೆನಪಿರಲಿಲ್ಲ. ಕಿಂಡಿಯಲ್ಲಿ ಅವತ್ತು ಹೇಳಿದ್ದು ನೆನಪಿತ್ತು. ಅದನ್ನೇ ಹೇಳಿದಳು: "ಅಕಿ ಲಂಗದ ಅಂಚು ಹೊಲಿದೆ." ಸಾವಿರಾರು "ಸರಿಮಾಡಿದೆ"ಗಳ ನಡುವಿನಿಂದ, ನಾಲ್ಕು ವರ್ಷ ಎಳೆಯವಳಾದ ಅವಳದೇ ದನಿ ಓಗೊಟ್ಟಿತು: "ಅಕಿ ಲಂಗದ ಅಂಚು ಹೊಲಿದೆ." ಪದರ ಬಂದು ಅವಳ ಸುತ್ತ ನಿಂತಿತು.

ಕೌದಿ ಅಲ್ಲಿತ್ತು. ನಡುವೆ ನೇರಳೆ ಬಣ್ಣದ ಅಂಚು, ಅದರ ಮೇಲೆ ಹಳದಿ ಚುಕ್ಕೆ. ಅವಳು ಅದಕ್ಕೆ ಮುಖ ಒತ್ತಿದಳು. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. ಮಗು ಮಾತ್ರ ಅಲ್ಲಿರಲಿಲ್ಲ. ಪದರಮನೆ ಇಡುತ್ತಿದ್ದದ್ದು ಕೈಯಿಂದ ಮಾಡಿದ್ದನ್ನು, ಮಾಡಿದವರನ್ನಲ್ಲ. ಹೊಸ್ತಿಲ ಬಳಿ ನಿಂತಿದ್ದ ಇಬ್ಬರಿಗೂ ಅವಳು ಬಹಳ ಹೊತ್ತು ಹಾಗೇ ಬಾಗಿರುವುದು ಕಾಣುತ್ತಿತ್ತು. ಇವಳು ಇನ್ನು ಬರುವುದಿಲ್ಲವೇನೋ ಎಂದು ಪ್ರತಿಗಾರ್ತಿಗೆ ಭಯವಾಯಿತು.

"ಹೆಸರು," ಎಂದ ಕಾವಲಜ್ಜ ಮೆಲ್ಲಗೆ. "ತರೂದಾದ್ರ ಹೆಸರು ಹೇಳಬೇಕವ್ವಾ."

ಕೌದಿಯವಳ ಮನೆಯಲ್ಲಿ ನಾಲ್ಕು ವರ್ಷದಿಂದ ಯಾರೂ ಮಗಳ ಹೆಸರು ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

"ದ್ಯಾಮಿ," ಎಂದಳು.

"ದ್ಯಾಮಿ," ಎಂದಿತು ಮನೆ. ಒಳಗಿನ ಪಿಸುದನಿಗಳೆಲ್ಲ ಒಂದು ಕ್ಷಣ ನಿಂತವು.

ಅವಳು ಇವತ್ತಿಗೆ ಬಂದಾಗ ಎರಡು ಕೌದಿಗಳಿದ್ದವು. ಮನೆ ಎರಡನ್ನೂ ಒಂದು ಮಾಡಲು ನೆಲದ ಮೇಲೆ ಹಾಸಿತು, ಒಂದರ ಮೇಲೆ ಒಂದು. ನಾಲ್ಕು ವರ್ಷದ ತುಂಡುಗಳೆಲ್ಲ ತಾವಾಗಿ ಹೊಂದಿಕೊಂಡು ಸೇರಿದವು. ನಡುವೆ ಒಂದು ಕಡೆ ಮಾತ್ರ ಸೇರಲಿಲ್ಲ. ಅಲ್ಲಿ ನೇರಳೆಯೂ ಇತ್ತು, ಹಸಿರೂ ಇತ್ತು. ಮನೆ ಕೇಳಿತು: "ಇಲ್ಲಿ ಎರಡು ಕೈಗಳಿವೆ. ಯಾವುದು?"

"ಎರಡನೇ ಮೆಟ್ಟಿಲಿನ ಘರ್ಷಣೆ ಅಂದ್ರ ಇದೇನು?" ಎಂದಳು ಪ್ರತಿಗಾರ್ತಿ. ಅವಳು ಕತ್ತಿ ಕಠಾರಿಗಳನ್ನು ನೆನೆಸಿಕೊಂಡಿದ್ದಳು.

"ಇದs," ಎಂದ ಕಾವಲಜ್ಜ. "ಮನಿ ತಾನಾಗಿ ಯಾವುದನ್ನೂ ಅಳಸೂದಿಲ್ಲ. ಕೇಳತೈತಿ. ಕೇಳಿ ಕಾಯತೈತಿ."

ಕೌದಿಯವಳು ಹಸಿರು ತುಂಡಿನ ಮೇಲೆ ಕೈಯಿಟ್ಟಳು, ಕಿತ್ತುಹಾಕುವವಳ ಹಾಗೆ. ಆಮೇಲೆ ಕೈ ತೆಗೆದಳು. "ಇದು ಅಕಿ ಹೊಲಿಗಿ. ಅಕಿನ್ನ ಕೇಳದs ಹೆಂಗ ತಗೀಲಿ? ಕರೀರಿ ಅಕಿನ್ನ."

ಪ್ರತಿಗಾರ್ತಿ ಓಡಿದಳು. ನಾದಿನಿ ಹಿಟ್ಟಿನ ಕೈಯಲ್ಲೇ ಬಂದಳು. ಮೂರನೆಯ ಮೆಟ್ಟಿಲಿನ ಹಾಳೆಯನ್ನು ಓದಲೂ ನಿಲ್ಲದೆ, ಮೇಲೆ ಕಾಣುತ್ತಿದ್ದ ಅತ್ತಿಗೆಯ ಬೆನ್ನನ್ನೇ ನೋಡುತ್ತ ಹತ್ತಿ ಬಂದಳು. ಒಳಗೆ ನೇರಳೆ ಅಂಚು ಕಂಡದ್ದೇ ಹೊಸ್ತಿಲಲ್ಲೇ ನಿಂತಳು.

"ಹರದಿರಲಿಲ್ಲ ಅತ್ತಿಗಿ," ಎಂದಳು. "ಸುಳ್ಳು ಹೇಳಿದೆ."

"ಗೊತ್ತು."

"ಎರಡು ತಿಂಗಳು ನೀ ಉಣ್ಣಲಿಲ್ಲ. ದಿನಾ ಆ ತುಂಡಿನ ಮ್ಯಾಲ ಕೈಯಿಟ್ಟು ಕುಂದರತಿದ್ದಿ. ಅದರ ಹಿಂದs ನೀನೂ ಹೊಕ್ಕೀ ಅಂತ ನನಗ ಹೆದರಿಕಿ ಆತು. ಅದಕ್ಕs ಬಿಚ್ಚಿ ಒಲಿಗಿ ಹಾಕಿದೆ. ಹಾಕಿ ಕೈ ಸುಟಗೊಂಡೆ, ತಗೀಯಾಕ ಹೋಗಿ. ಆಗಲೇ ಹತ್ತಿಕೊಂಡಿತ್ತು." ಅವಳು ಬಲಗೈ ಚಾಚಿದಳು. ಹಿಟ್ಟಿನ ಕೆಳಗೆ ಎರಡು ಬೆರಳು ನುಣ್ಣಗೆ, ಗೆರೆಯಿಲ್ಲದೆ ಹೊಳೆಯುತ್ತಿದ್ದವು.

ಕೌದಿಯವಳು ಆ ಬೆರಳುಗಳನ್ನು ನೋಡಿದಳು. ನಾಲ್ಕು ವರ್ಷ ಎದುರಿಗೆ ಕುಳಿತು ಹೊಲಿದ ಕೈ ಅದು. ಅವಳು ಅದನ್ನು ನೋಡಿಯೇ ಇರಲಿಲ್ಲ.

"ಯಾವುದು?" ಎಂದು ಮನೆ ಮತ್ತೆ ಕೇಳಿತು. ಅದರ ದನಿಯಲ್ಲಿ ಅವಸರವಿರಲಿಲ್ಲ.

"ಎರಡೂ," ಎಂದಳು ಕೌದಿಯವಳು. "ಹಸರು ಕೆಳಗ ಇರಲಿ. ಮ್ಯಾಲ ಅಂಚು ಹಾಕೂಣು. ನೀ ಆ ಕಡಿ ಹಿಡಿ."

ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತರು. ಒಂದೇ ಸೂಜಿ ಇತ್ತು. ಒಬ್ಬಳು ನಾಲ್ಕು ಹೊಲಿಗೆ ಹಾಕಿ ಇನ್ನೊಬ್ಬಳಿಗೆ ಕೊಡುತ್ತಿದ್ದಳು. ನಡುನಡುವೆ ನಾದಿನಿ "ದ್ಯಾಮಿಗೆ ಹಳದಿ ಚುಕ್ಕಿ ಅಂದ್ರ ಜೀವ" ಎಂದಳು, ಕೌದಿಯವಳು "ಹೂಂ, ಎಣಸ್ತಿದ್ಲು" ಎಂದಳು. ಹೊಲಿದು ಮುಗಿಸಿ, ಇಬ್ಬರೂ ಎರಡೆರಡು ಮೂಲೆ ಹಿಡಿದು, ಒಂಬತ್ತು ಮೆಟ್ಟಿಲು ಇಳಿದು ಬಿಸಿಲಿಗೆ ಹೋದರು.

*

ಬೀದಿಯಲ್ಲಿ ನಿಂತಿದ್ದವರು ಮೊದಲು ನೋಡಿದ್ದು ಅವರ ಕುತ್ತಿಗೆಗಳನ್ನು.

ಆಮೇಲೆ ಊರೇನೂ ಒಮ್ಮೆಲೇ ಬದಲಾಗಲಿಲ್ಲ. ಆ ವಾರ ಒಬ್ಬ ಬಡಗಿ ಬಂದ. ಮುಂದಿನ ತಿಂಗಳು ಮೂವರು ಬಂದರು. ಹಾಳೆಯನ್ನು ಓದಿಯೂ ತಿರುಗಿ ಹೋದವರು ಇದ್ದರು. ಅಂಥವರ ಹಿಂದೆ ಪ್ರತಿಗಾರ್ತಿ ಬೀದಿಯವರೆಗೆ ಹೋಗಿ "ಎಲ್ಲಿ ನಿಂತಿರಿ? ಯಾವ ಮಾತಿಗೆ?" ಎಂದು ಕೇಳಿ ಬರುತ್ತಿದ್ದಳು. ಹಾಳೆಗೆ ಗೆರೆ ಬೀಳುತ್ತಿತ್ತು, ಹೊಸ ಹಾಳೆ ಬರುತ್ತಿತ್ತು. ವಿಧಿಪುಸ್ತಕವೂ ಪೀಠದ ಮೇಲೇ ಇತ್ತು. ಬಹಳ ದಿನ ಒಳಗೆ ಬಂದು ಹೋಗಿ ಮಾಡಿದವರು ಕೆಲವರು ಅದನ್ನು ತೆರೆದು ಓದತೊಡಗಿದರು, ಅವರಿಗೆ ಅದು ಅರ್ಥವಾಗುತ್ತಿತ್ತು. ಗೋಡೆಯೊಳಗಿನ ದನಿಗಳು ನಿಲ್ಲಲಿಲ್ಲ. ಸತ್ತವರ ದಿನಗಳನ್ನು ಕೇಳಲು ಯಾರು ಬರಬೇಕು?

ಕಾವಲಜ್ಜ ಬೆಳಗಿನ ಹೊತ್ತು ಪ್ರತಿಗಾರ್ತಿಯ ಪಕ್ಕದಲ್ಲಿ ಕುಳಿತು ತಾನೂ ಬರೆಯಲು ಹಿಡಿದ. ಗುರುಗಳ ಬಗ್ಗೆ, ಅವರು ಕಡೆದ ಮುಖದ ಬಗ್ಗೆ ಬರೆಯುತ್ತಿದ್ದ. ಯಾರಿಗೂ ತೋರಿಸುತ್ತಿರಲಿಲ್ಲ. ಆದರೆ ಸಂಜೆ ಹೊತ್ತು ಇಳಿಯುವ ಮುಂಚೆ ಎಲ್ಲರ ಹಾಗೆ ಕಿಂಡಿಯ ಸಾಲಿನಲ್ಲಿ ನಿಂತು ಬರುತ್ತಿದ್ದ.

ಒಂದು ಮುಂಜಾನೆ ಅವನು ಮೆಟ್ಟಿಲುಗಳ ಕೆಳಗೆ, ಬೀದಿಯಲ್ಲಿ ನಿಂತಿದ್ದ. ಕೈಯಲ್ಲೊಂದು ಹಾಳೆ. ಹಾಳೆಯ ತುಂಬ ಗೆರೆ, ಗೆರೆಯ ಮೇಲೆ ಗೆರೆ. ಬರೆದದ್ದು ಒಂದೂ ಕಾಣುತ್ತಿರಲಿಲ್ಲ.

"ನಿನ್ನಿ ದಿನ ಬರದದ್ದು ಚಲೋ ಇತ್ತು," ಎಂದ. "ಹೊಡದು ಹೊಡದು ಕೆಡಿಸಿಕೊಂಡೆ. ನಿನ್ನಿ ದಿನದ್ದs ಬೇಕಾಗೇತಿ."

"ಹೋಗಿ ತಗೊಂಡು ಬರ್ರಿ ಅಜ್ಜಾ. ನಿಮಗ ಗೊತ್ತಿಲ್ಲದ್ದೇನೈತಿ?"

ಮುದುಕ ಒಂದನೆಯ ಮೆಟ್ಟಿಲನ್ನು ನೋಡಿದ. ಕಾಲು ಮಾತ್ರ ಮೇಲಿಡಲಿಲ್ಲ.

"ಗೊತ್ತೈತಿ, ಯವ್ವಾ," ಎಂದ. "ನನ್ನ ದಿನ ನಾ ಎಂದೂ ಕೇಳಿ ಗೊತ್ತಿಲ್ಲ."

ಪ್ರತಿಗಾರ್ತಿ ಲೇಖನಿ ಕೆಳಗಿಟ್ಟು ಇಳಿದು ಬಂದಳು. ಅವನ ಮೊಳಕೈ ಹಿಡಿದು ಅವನ ಜೊತೆ ಮೊದಲ ಮೆಟ್ಟಿಲು ಹತ್ತಿದಳು.